ಮಕ್ಕಳ ಕಣ್ಣಿನ ಸ್ಕ್ರೀನಿಂಗ್ ಕ್ಯಾಮೆರಾ: ಪವರ್‌ಗೆ ಫುಲ್ ಮಾರ್ಕ್ಸ್, ಮೆಳ್ಳೆಗಣ್ಣಿಗೆ ಜಸ್ಟ್ ಪಾಸ್

ಮೊದಲೇ ಹೇಳಿಬಿಡುತ್ತೇನೆ, ಈ ಮೆಷಿನ್ ನನಗೆ ಇಷ್ಟ. ಆದರೆ ಬ್ರೋಶರ್‌ನಲ್ಲಿ ದಪ್ಪಕ್ಷರದಲ್ಲಿ ಹಾಕಿರುವ ಕೆಲಸದಲ್ಲಿ ಇದು ಅಷ್ಟೇನೂ ಜೋರಿಲ್ಲ. ಅದರ ಕೆಳಗೆ ಸಣ್ಣದಾಗಿ ಬರೆದಿರುವ ಇನ್ನೊಂದು ಕೆಲಸದಲ್ಲಿ ಎತ್ತಿದ ಕೈ. ಕೊಳ್ಳುವವರು ಇದನ್ನು ತಿಳಿದುಕೊಂಡು ಕೊಳ್ಳಲಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಫೋಟೋಸ್ಕ್ರೀನರ್ ಬಗ್ಗೆ. ಕೈಯಲ್ಲಿ ಹಿಡಿದುಕೊಂಡು ಮಗುವಿನ ಎರಡೂ ಕಣ್ಣಿನ ಫೋಟೋ ಒಟ್ಟಿಗೆ ತೆಗೆದು, ಕನ್ನಡಕ ಬೇಕಾಗಬಹುದಾ, ಮೆಳ್ಳೆಗಣ್ಣು ಇದೆಯಾ ಅಂತ ಹೇಳುವ ಕ್ಯಾಮೆರಾ. ಸ್ಪಾಟ್, ಪ್ಲಸ್‌ಆಪ್ಟಿಕ್ಸ್ ಅಂತ ಹೆಸರು ಕೇಳಿರಬಹುದು, ಅವೆಲ್ಲ ಈ ಜಾತಿಯವೇ. ನಾವು ಬಳಸುವುದು ಯಾವ ಕಂಪನಿಯದು ಅಂತ ಹೇಳುವುದಿಲ್ಲ. ನಾನು ಹೇಳುವ ಗುಣದೋಷ ಒಂದು ಕಂಪನಿಗಿಂತ ಈ ಜಾತಿಗೇ ಜಾಸ್ತಿ ಸೇರಿದ್ದು. ನಾನು ಡಾಕ್ಟರ್ ಅಲ್ಲ. ಪುಟ್ಟ ಮಕ್ಕಳಿಗೆ ಕಣ್ಣಿನ ಸ್ಕ್ರೀನಿಂಗ್ ಮಾಡುವ ತಂಡದಲ್ಲಿ ಮೆಷಿನ್ ಹಿಡಿಯುವ ಕೆಲಸ ನನ್ನದು.

ಒಳ್ಳೆಯದರಿಂದ ಶುರು ಮಾಡೋಣ. ಅಕ್ಷರ ಓದಲು ಬಾರದ, ಚಿತ್ರ ತೋರಿಸಿದರೆ ಮುಖ ತಿರುಗಿಸುವ, ಅಮ್ಮನ ಭುಜಕ್ಕೆ ಅಂಟಿಕೊಂಡ ಒಂದೂವರೆ ವರ್ಷದ ಮಗುವಿನ ಕಣ್ಣನ್ನು ಪರೀಕ್ಷೆ ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಈ ಮೆಷಿನ್ ಸುಮಾರು 1 ಮೀಟರ್ ದೂರದಿಂದ ಕೆಲಸ ಮಾಡುತ್ತದೆ. ಮುಟ್ಟುವುದಿಲ್ಲ, ಡ್ರಾಪ್ಸ್ ಹಾಕುವುದಿಲ್ಲ. ಮುಂದೆ ಬಣ್ಣದ ದೀಪ ಮಿಣುಕುತ್ತದೆ, ಹಕ್ಕಿ ಚಿಲಿಪಿಲಿಯಂಥ ಶಬ್ದ ಬರುತ್ತದೆ, ಮಗು "ಏನದು" ಅಂತ ತಿರುಗಿ ನೋಡುತ್ತದೆ, ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅಳುತ್ತಿರುವ ಮಗು ಕೂಡ ಆ ಶಬ್ದಕ್ಕೆ ಒಂದು ಕ್ಷಣ ಸುಮ್ಮನಾಗುತ್ತದೆ, ನಮಗೆ ಆ ಒಂದು ಕ್ಷಣ ಸಾಕು.

ಒಳಗೆ ನಡೆಯುವುದು ಇಷ್ಟು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮೆಷಿನ್ ಪಾಪೆಯೊಳಗೆ ಬಿಡುತ್ತದೆ. ಅದು ಹಿಂದಿನ ರೆಟಿನಾಕ್ಕೆ ಬಡಿದು ವಾಪಸ್ ಬರುತ್ತದೆ. ಕಣ್ಣಿನ ಪವರ್ ಸರಿಯಿದ್ದರೆ ಪಾಪೆ ಒಂದು ರೀತಿ ಬೆಳಗುತ್ತದೆ, ಪ್ಲಸ್ ಇದ್ದರೆ ಒಂದು ಅಂಚಿನಲ್ಲಿ ಹೆಚ್ಚು ಬೆಳಕು, ಮೈನಸ್ ಇದ್ದರೆ ಎದುರು ಅಂಚಿನಲ್ಲಿ. ಆ ಬೆಳಕು ಹೇಗೆ ಹರಡಿದೆ ಅನ್ನುವುದರಿಂದ ಪವರ್ ಅಂದಾಜು ಮಾಡುತ್ತದೆ. ಇದರಲ್ಲಿ ನಿಜಕ್ಕೂ ಗಟ್ಟಿಗ. ಅದರಲ್ಲೂ ಒಂದು ಕಣ್ಣಿನ ಪವರ್‌ಗೂ ಇನ್ನೊಂದರ ಪವರ್‌ಗೂ ದೊಡ್ಡ ವ್ಯತ್ಯಾಸ ಇರುವ ಮಕ್ಕಳನ್ನು ಹಿಡಿಯುವುದಿದೆಯಲ್ಲ, ಅದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಆ ಮಕ್ಕಳು ನೋಡುವುದಕ್ಕೆ ಚೆನ್ನಾಗೇ ಇರುತ್ತಾರೆ, ಎರಡೂ ಕಣ್ಣು ನೇರ ಇರುತ್ತವೆ, ಒಳ್ಳೆಯ ಕಣ್ಣಿನಿಂದ ಎಲ್ಲ ಕೆಲಸ ಸಾಗಿಸುತ್ತಾರೆ. ಮನೆಯವರಿಗೆ ಅನುಮಾನ ಬರುವುದಕ್ಕೆ ಕಾರಣವೇ ಇರುವುದಿಲ್ಲ. ಇನ್ನೊಂದು ಕಣ್ಣು ಮಾತ್ರ ಒಳಗೊಳಗೇ ಸೋಮಾರಿ ಕಣ್ಣಾಗುತ್ತಾ, ಅಂದರೆ ಮೆದುಳು ಅದನ್ನು ಕಡೆಗಣಿಸಿ ನೋಟ ಕುಂದುತ್ತಾ ಹೋಗುತ್ತದೆ.

ಈಗ ಮೆಳ್ಳೆಗಣ್ಣಿನ ವಿಷಯ. ಇದಕ್ಕೆ ಮೆಷಿನ್ ಹಿಡಿದಿರುವ ದಾರಿ ಹಳೆಯದು. ಜರ್ಮನಿಯ ಕಣ್ಣಿನ ಡಾಕ್ಟರ್ ಯೂಲಿಯುಸ್ ಹಿರ್ಷ್‌ಬರ್ಗ್ 19ನೇ ಶತಮಾನದಲ್ಲೇ ಮೇಣದಬತ್ತಿ ಹಿಡಿದು ಮಾಡುತ್ತಿದ್ದ ಪರೀಕ್ಷೆ ಅದು. ಬೆಳಕು ತೋರಿಸಿದಾಗ ಕರಿಗುಡ್ಡೆಯ ಮೇಲೆ ಒಂದು ಬಿಳಿ ಚುಕ್ಕೆ ಹೊಳೆಯುತ್ತದೆ. ಎರಡೂ ಕಣ್ಣಿನಲ್ಲಿ ಅದು ಒಂದೇ ಜಾಗದಲ್ಲಿ ಹೊಳೆದರೆ ಕಣ್ಣು ನೇರ ಇವೆ. ಒಂದರಲ್ಲಿ ಪಕ್ಕಕ್ಕೆ ಸರಿದಿದ್ದರೆ ಆ ಕಣ್ಣು ಬೇರೆ ಕಡೆ ನೋಡುತ್ತಿದೆ. ಇದನ್ನೇ ಈಗ ಕ್ಯಾಮೆರಾ ಅಳೆಯುತ್ತದೆ.

ತೊಂದರೆ ಇರುವುದು ಅಳತೆಯಲ್ಲೇ. ಚುಕ್ಕೆ 1 ಮಿಲಿಮೀಟರ್ ಸರಿದರೆ ಕಣ್ಣು 7 ಡಿಗ್ರಿ ತಿರುಗಿದೆ ಅಂತ ಹಳೆಯ ಲೆಕ್ಕ. ಆಮೇಲೆ ಫೋಟೋ ತೆಗೆದು ಅಳೆದವರು ಅದು 12 ಡಿಗ್ರಿಯ ಹತ್ತಿರ ಅಂದರು. ಅಂದರೆ ಒಂದು ಕಣ್ಣು 5 ಡಿಗ್ರಿ ತಿರುಗಿದ್ದರೆ ಚುಕ್ಕೆ ಸರಿಯುವುದು ಅರ್ಧ ಮಿಲಿಮೀಟರ್‌ಗಿಂತಲೂ ಕಡಿಮೆ. ಮಕ್ಕಳ ಕಣ್ಣಿನ ಡಾಕ್ಟರ್‌ಗಳ ಅಮೆರಿಕದ ಸಂಘ 2013ರಲ್ಲಿ ಹಾಕಿಕೊಟ್ಟ ಗುರಿಯಲ್ಲಿ, ಕಣ್ಣು ಎಷ್ಟು ತಿರುಗಿದೆ ಅಂತ ಅಳೆಯುವ ಮಾಪದಲ್ಲಿ 8 ಪ್ರಿಸಂ ಡಯಾಪ್ಟರ್‌ಗಿಂತ ಜಾಸ್ತಿ ಇರುವ ಮೆಳ್ಳೆಗಣ್ಣನ್ನು ಸ್ಕ್ರೀನಿಂಗ್ ಹಿಡಿಯಬೇಕು ಅಂತ ಇತ್ತು, ಅದು ಸುಮಾರು ನಾಲ್ಕೂವರೆ ಡಿಗ್ರಿ. ಒಂದು ಮೀಟರ್ ದೂರದಲ್ಲಿ ಕುಣಿಯುತ್ತಿರುವ ಮಗುವಿನ ಕಣ್ಣಲ್ಲಿ ಅರ್ಧ ಮಿಲಿಮೀಟರ್ ಅಳೆಯಬೇಕು, ಯೋಚನೆ ಮಾಡಿ. ಸಾಲದ್ದಕ್ಕೆ ನೇರ ಇರುವ ಕಣ್ಣಿನಲ್ಲೂ ಆ ಚುಕ್ಕೆ ಪಾಪೆಯ ಸರಿಯಾದ ನಡುವೆ ಇರುವುದಿಲ್ಲ, ಸ್ವಲ್ಪ ಮೂಗಿನ ಕಡೆ ಇರುತ್ತದೆ. ಕೆಲವರಲ್ಲಿ ಹೀಗೆ ಸಹಜವಾಗಿ ಸರಿದಿರುವುದೇ ಜಾಸ್ತಿ. ಹಾಗಾಗಿ ದೊಡ್ಡದಾಗಿ ತಿರುಗಿದ ಕಣ್ಣನ್ನು ಮೆಷಿನ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಅಷ್ಟು ದೊಡ್ಡದಾಗಿ ತಿರುಗಿದ್ದರೆ ಮಗುವಿನ ಅಜ್ಜಿಯೇ ಹೇಳುತ್ತಾರೆ, ಮೆಷಿನ್ ಯಾಕೆ ಬೇಕು? ನಮಗೆ ಬೇಕಾಗಿರುವುದು ಅಜ್ಜಿಗೂ ಕಾಣದ್ದು.

ಒಬ್ಬಳು ಹುಡುಗಿಯ ಪರೀಕ್ಷೆ ಹೇಳುತ್ತೇನೆ. ಮೂರು ದಾಟಿದ ಮಗು, ಚೂಟಿ, ಕೂರಿಸಿದ ತಕ್ಷಣ ಮೆಷಿನ್‌ನ ದೀಪ ದಿಟ್ಟಿಸಿ ನೋಡಿದಳು. ಹಸಿರು ಬಂತು, ಪಾಸ್. ಆಮೇಲೆ ನಮ್ಮ ತಂಡದ ಆಪ್ಟೊಮೆಟ್ರಿಸ್ಟ್ ಅಭ್ಯಾಸಬಲದಿಂದ ಒಂದು ಪುಟ್ಟ ಗೊಂಬೆ ಹಿಡಿದು ಅವಳ ಎಡಗಣ್ಣಿಗೆ ಅಂಗೈ ಅಡ್ಡ ಇಟ್ಟರು. ಏನೂ ಆಗಲಿಲ್ಲ, ಬಲಗಣ್ಣು ಗೊಂಬೆ ನೋಡುತ್ತಲೇ ಇತ್ತು. ಈಗ ಬಲಗಣ್ಣಿಗೆ ಅಡ್ಡ ಇಟ್ಟರು. ಎಡಗಣ್ಣು ಒಂದು ಚೂರು, ಒಂದೇ ಒಂದು ಚೂರು, ಒಳಗಿನಿಂದ ಹೊರಕ್ಕೆ ಜರುಗಿ ಗೊಂಬೆಯ ಮೇಲೆ ನಿಂತಿತು. ಜೊತೆಗೆ ಮಗು ಆ ಕೈಯನ್ನು ತಳ್ಳಿದಳು. ಎಡಗಣ್ಣು ಮುಚ್ಚಿದಾಗ ಸುಮ್ಮನಿದ್ದವಳು ಬಲಗಣ್ಣು ಮುಚ್ಚಿದ ಕೂಡಲೇ ಸಿಡುಕಿದಳು. ನೋಡಿ, ಆ ತಳ್ಳುವುದೇ ಒಂದು ಪರೀಕ್ಷೆ. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿದರೆ ಮಗುವಿಗೆ ಸಿಟ್ಟು ಬರುತ್ತದೆ, ಸರಿಯಾಗಿ ಕಾಣದ ಕಣ್ಣನ್ನು ಮುಚ್ಚಿದರೆ ಅದಕ್ಕೇನೂ ಅನ್ನಿಸುವುದಿಲ್ಲ. ಹೀಗೆ ಒಂದು ಕಣ್ಣಿಗೆ ಅಡ್ಡ ಇಟ್ಟು ಇನ್ನೊಂದು ಜರುಗುತ್ತದಾ ಅಂತ ನೋಡುವುದನ್ನು ಕವರ್ ಟೆಸ್ಟ್ ಅಂತಾರೆ. ಒಂದು ಅಂಗೈ, ಒಂದು ಗೊಂಬೆ, ಒಂದು ಜೊತೆ ಪಳಗಿದ ಕಣ್ಣು, ಅಷ್ಟೇ ಸಾಮಾನು. ಈಗಲೂ ಮೆಳ್ಳೆಗಣ್ಣಿಗೆ ಕೊನೆಯ ತೀರ್ಪು ಇದರದ್ದೇ.

ಇನ್ನೊಂದು ಗುಂಪಿನ ಮಕ್ಕಳು ಮೆಷಿನ್‌ನಿಂದ ತಪ್ಪಿಸಿಕೊಳ್ಳುವುದು ಬೇರೆ ಕಾರಣಕ್ಕೆ. ಕೆಲವು ಮಕ್ಕಳ ಕಣ್ಣು ಯಾವಾಗಲೂ ತಿರುಗಿರುವುದಿಲ್ಲ. ಸುಸ್ತಾದಾಗ, ಜ್ವರ ಬಂದಾಗ, ದೂರಕ್ಕೆ ನೋಡುತ್ತಾ ಕೂತಾಗ ಒಂದು ಕಣ್ಣು ಹೊರಕ್ಕೆ ಜಾರುತ್ತದೆ, ಕರೆದ ಕೂಡಲೇ ಸರಿಯಾಗಿಬಿಡುತ್ತದೆ. ಬಿಸಿಲಿಗೆ ಬಂದರೆ ಒಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮೆಷಿನ್ ಕೇಳುವುದು ಆ ಒಂದು ಕ್ಷಣದ ಫೋಟೋ, ಅದೂ ದೀಪ ಮಿಣುಕಿಸಿ, ಶಬ್ದ ಮಾಡಿ, ಮಗುವನ್ನು ಪೂರ್ತಿ ಎಚ್ಚರ ಮಾಡಿ. ಅಷ್ಟು ಗಮನ ಕೊಟ್ಟು ನೋಡುವಾಗ ಕಣ್ಣು ನೇರ ಆಗದೇ ಇರುತ್ತದಾ? ಮಗುವನ್ನು ಸೆಳೆಯುವ ಆ ಚಿಲಿಪಿಲಿಯೇ ಇಲ್ಲಿ ಅಡ್ಡಗಾಲು.

ಪ್ಲಸ್ ಪವರ್‌ನಿಂದ ಬರುವ ಒಳಮೆಳ್ಳೆಯದ್ದು ಇನ್ನೊಂದು ಕಥೆ. ಇದು ಸಾಮಾನ್ಯವಾಗಿ 2-3 ವರ್ಷದ ಹೊತ್ತಿಗೆ ಶುರುವಾಗುತ್ತದೆ. ಜಾಸ್ತಿ ಪ್ಲಸ್ ಇರುವ ಮಗು ಹತ್ತಿರದ್ದನ್ನು ನೋಡಲು ಕಣ್ಣಿಗೆ ವಿಪರೀತ ಒತ್ತಡ ಹಾಕುತ್ತದೆ, ಆ ಒತ್ತಡದಲ್ಲಿ ಕಣ್ಣು ಒಳಕ್ಕೆ ತಿರುಗುತ್ತದೆ. ಎಷ್ಟೋ ಮಕ್ಕಳಿಗೆ ಸರಿಯಾದ ಕನ್ನಡಕ ಹಾಕಿದರೆ ಕಣ್ಣು ನೇರ ಆಗುತ್ತದೆ, ಆಪರೇಷನ್ ಬೇಕಾಗುವುದಿಲ್ಲ. ಆದರೆ ಆ ಒತ್ತಡ ಬಿಡಿಸುವ ಡ್ರಾಪ್ಸ್ ಹಾಕದೆ ನೋಡುವ ಈ ಮೆಷಿನ್ ಮುಂದೆಯೂ ಮಗು ಅದೇ ಒತ್ತಡ ಹಾಕಿ ಪ್ಲಸ್ ಅನ್ನು ಬಚ್ಚಿಡಬಹುದು. ಮೆಷಿನ್‌ಗೆ ಪ್ಲಸ್ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಅದಕ್ಕೇ ಇದರ ಚೀಟಿ ಹಿಡಿದುಕೊಂಡು ಸೀದಾ ಕನ್ನಡಕದ ಅಂಗಡಿಗೆ ಹೋಗಬೇಡಿ. ಅದು ಡಾಕ್ಟರ್ ಹತ್ತಿರ ಹೋಗಿ ಅನ್ನುವ ಚೀಟಿ, ಪವರ್ ಬರೆದುಕೊಟ್ಟ ಚೀಟಿ ಅಲ್ಲ.

ತಪ್ಪಾಗಿ ಫೇಲ್ ಮಾಡುವುದೂ ಇದೆ. ಮೂಗಿನ ದಿಂಡು ಅಗಲ ಇರುವ, ಕಣ್ಣಿನ ಒಳಮೂಲೆಯಲ್ಲಿ ಚರ್ಮದ ಮಡಿಕೆ ಇರುವ ಕೂಸುಗಳು ಮೆಳ್ಳೆ ಇದ್ದ ಹಾಗೆ ಕಾಣುತ್ತವೆ, ಇರುವುದಿಲ್ಲ. ಇಲ್ಲಿ ಮಾತ್ರ ಮೆಷಿನ್ ನಮಗಿಂತ ವಾಸಿ. ಅದು ಮಡಿಕೆ ನೋಡುವುದಿಲ್ಲ, ಚುಕ್ಕೆ ನೋಡುತ್ತದೆ. ಆದರೆ ಬೇರೆ ಕಡೆ ಎಡವುತ್ತದೆ. ಒಂದು ಲೆಕ್ಕ ಹಾಕಿ. ಮಕ್ಕಳಲ್ಲಿ ನೂರಕ್ಕೆ 2ರಿಂದ 4 ಜನರಿಗೆ ಮೆಳ್ಳೆಗಣ್ಣು ಇರುತ್ತದೆ. 3 ಅಂತಲೇ ಇಟ್ಟುಕೊಳ್ಳಿ. ಸಾವಿರ ಮಕ್ಕಳಲ್ಲಿ 30. ಇರುವವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುವ, ಇಲ್ಲದವರಲ್ಲಿ ನೂರಕ್ಕೆ 90 ಜನರನ್ನು ಸರಿಯಾಗಿ ಬಿಟ್ಟುಬಿಡುವ ಒಂದು ಮೆಷಿನ್ ಇದೆ ಅಂದುಕೊಳ್ಳೋಣ. ಕೇಳುವುದಕ್ಕೆ ಭರ್ಜರಿ, ಅಲ್ವಾ? ಅದು 27 ಮಕ್ಕಳನ್ನು ಹಿಡಿಯುತ್ತದೆ, 3 ಜನರನ್ನು ಬಿಡುತ್ತದೆ, ಏನೂ ಇಲ್ಲದ 97 ಮಕ್ಕಳನ್ನು ಸುಮ್ನೆ ಡಾಕ್ಟರ್ ಹತ್ತಿರ ಕಳಿಸುತ್ತದೆ. ಒಟ್ಟು 124 ಜನ ಹೋದರೆ ನಿಜವಾಗಿ ಇರುವುದು 27 ಜನಕ್ಕೆ. ಹಾಗಾಗಿ ಕೆಂಪು ಬಂತು ಅಂತ ಅಲ್ಲೇ ಕಣ್ಣೀರು ಹಾಕುವ ಅಪ್ಪ ಅಮ್ಮಂದಿರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ಕಂಪನಿಯವರು ಸೆನ್ಸಿಟಿವಿಟಿ (ತೊಂದರೆ ಇರುವವರಲ್ಲಿ ನೂರಕ್ಕೆ ಎಷ್ಟು ಜನರನ್ನು ಹಿಡಿಯುತ್ತದೆ ಅನ್ನುವುದು) 90 ಅಂತ ಹೇಳಿದಾಗ ಯಾವುದಕ್ಕೆ 90 ಅಂತ ಕೇಳಿ. ಪವರ್‌ಗಾ, ಮೆಳ್ಳೆಗಣ್ಣಿಗಾ, ಎರಡೂ ಸೇರಿಸಿಯಾ? ಎಲ್ಲ ಒಟ್ಟಿಗೆ ಸೇರಿಸಿ ಒಂದೇ ನಂಬರ್ ಕೊಟ್ಟರೆ ಪವರ್‌ನ ಮಾರ್ಕ್ಸ್‌ನಲ್ಲಿ ಮೆಳ್ಳೆಗಣ್ಣು ಪಾಸಾಗಿಬಿಡುತ್ತದೆ.

ಈ ಚುಕ್ಕೆಯ ಗೋಳೇ ಬೇಡ ಅಂತ ಬೇರೆ ದಾರಿ ಹಿಡಿದವರು ಇದ್ದಾರೆ, ನನಗೆ ತುಂಬಾ ಹಿಡಿಸಿದ ಸಂಶೋಧನೆ ಇದು. ರೆಟಿನಾದಲ್ಲಿ ನೋಟ ಅತಿ ಚುರುಕಾಗಿರುವ ಒಂದು ಪುಟ್ಟ ಜಾಗ ಇದೆ, ಫೋವಿಯಾ. ನಾವು ಒಂದು ವಸ್ತುವನ್ನು ನೆಟ್ಟು ನೋಡುತ್ತೇವೆ ಅಂದರೆ ಫೋವಿಯಾವನ್ನು ಅದರ ಕಡೆ ತಿರುಗಿಸಿದ್ದೇವೆ ಅಂತ. ಅದರ ಸುತ್ತ ನರದ ಎಳೆಗಳು ನಡುವಿನಿಂದ ಎಲ್ಲ ದಿಕ್ಕಿಗೂ ಹರಡಿರುತ್ತವೆ. ಪೋಲರೈಸ್ ಮಾಡಿದ, ಅಂದರೆ ಒಂದು ಕ್ರಮದಲ್ಲಿ ಕಂಪಿಸುವಂತೆ ಮಾಡಿದ ಬೆಳಕು ಈ ಎಳೆಗಳನ್ನು ದಾಟಿ ವಾಪಸ್ ಬರುವಾಗ ಅದರಲ್ಲಿ ಒಂದು ವಿಶೇಷ ಬದಲಾವಣೆ ಆಗುತ್ತದೆ, ಅದನ್ನು ಹಿಡಿದರೆ ಫೋವಿಯಾ ಇದೇ ಕಡೆ ನೋಡುತ್ತಿದೆ ಅಂತ ಗೊತ್ತಾಗುತ್ತದೆ. ಎರಡೂ ಕಣ್ಣಿನಿಂದ ಒಟ್ಟಿಗೆ ಆ ಗುರುತು ಬಂದರೆ ಎರಡೂ ಕಣ್ಣು ಒಂದೇ ಕಡೆ ನೆಟ್ಟಿವೆ. ಜಾನ್ಸ್ ಹಾಪ್ಕಿನ್ಸ್‌ನ ಡೇವಿಡ್ ಗೈಟನ್ ಮತ್ತು ಅವರ ಜೊತೆಗಾರರು ಈ ದಾರಿಯಲ್ಲಿ ಕೆಲಸ ಮಾಡಿದರು, ಬಾಸ್ಟನ್ ಮಕ್ಕಳ ಆಸ್ಪತ್ರೆಯ ಡೇವಿಡ್ ಹಂಟರ್ ಇದನ್ನು ಕೈಯಲ್ಲಿ ಹಿಡಿಯುವ ಮೆಷಿನ್ ಮಾಡುವವರೆಗೆ ತಂದರು. ಈಗ ಅದು ಬ್ಲಿಂಕ್ ಅನ್ನುವ ಹೆಸರಿನಲ್ಲಿ ಇದೆ, ಒಂದು ಸ್ಕ್ಯಾನ್‌ಗೆ ಎರಡೂವರೆ ಸೆಕೆಂಡ್, 2ರಿಂದ 8 ವರ್ಷದ ಮಕ್ಕಳಿಗೆ. ಸಣ್ಣ ಡಿಗ್ರಿಯ ಮೆಳ್ಳೆಗಣ್ಣು ಹಿಡಿಯುವುದಕ್ಕೆ ಈ ದಾರಿ ಫೋಟೋಗಿಂತ ನೇರ ಅನ್ನುವುದು ಅದರ ಕೆಲಸ ನೋಡಿದರೇ ಗೊತ್ತಾಗುತ್ತದೆ. ಆದರೆ ಇದು ಪವರ್ ಹೇಳುವುದಿಲ್ಲ. ಆಗಾಗ ಜಾರುವ ಕಣ್ಣು ಆ ಎರಡೂವರೆ ಸೆಕೆಂಡ್ ನೇರ ನಿಂತರೆ ಇದಕ್ಕೂ ಟೋಪಿ. ದಿನಾ ಬಳಸಿ ನೋಡಿಲ್ಲವಾದ್ದರಿಂದ ಇದಕ್ಕೆ ಸ್ಟಾರ್ ಕೊಡುವುದಿಲ್ಲ.

ಫೋನ್ ಆಪ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. 2023ರಲ್ಲಿ ನೇಚರ್ ಮೆಡಿಸಿನ್‌ನಲ್ಲಿ ಚೀನಾದ ತಂಡವೊಂದರ ಕೆಲಸ ಬಂತು. 48 ತಿಂಗಳವರೆಗಿನ 3,652 ಮಕ್ಕಳ ವಿಡಿಯೋ ಫೋನ್‌ನಲ್ಲಿ ತೆಗೆದು, ಮಗು ಹೇಗೆ ನೋಡುತ್ತದೆ, ಮುಖ ಹೇಗಿದೆ ಅನ್ನುವುದರಿಂದ 16 ಥರದ ಕಣ್ಣಿನ ತೊಂದರೆಗಳಿಂದಾದ ದೃಷ್ಟಿದೋಷವನ್ನು ಕಂಪ್ಯೂಟರ್‌ಗೆ ಗುರುತಿಸಲು ಕಲಿಸಿದರು. ನನ್ನ ಗಮನ ಸೆಳೆದದ್ದು ಒಂದೇ ವಿಷಯ. ಅವರದ್ದೇ ಮಕ್ಕಳ ಮೇಲೆ ಅದರ ಅಂಕ 1ಕ್ಕೆ 0.940, ಮನೆಯಲ್ಲಿ ಅಪ್ಪ ಅಮ್ಮ ಫೋನ್ ಹಿಡಿದಾಗ 0.859. ಈ ಇಳಿತವನ್ನು ಅವರು ಮುಚ್ಚಿಡದೆ ಬರೆದಿದ್ದಾರೆ, ಅದಕ್ಕೇ ನನಗೆ ನಂಬಿಕೆ ಬಂತು. ಮನೆಯ ಬೆಳಕು, ಅಲುಗಾಡುವ ಕೈ, ನಿಲ್ಲದ ಮಗು, ಇವೆಲ್ಲ ಸೇರಿದರೆ ಇಳಿಯಲೇಬೇಕು.

ಆಪ್ ಇಲ್ಲದೆಯೂ ಫೋನ್ ಉಪಯೋಗಕ್ಕೆ ಬರುತ್ತದೆ. ಕಣ್ಣು ಜಾರಿದ ಆ ಕ್ಷಣದ ವಿಡಿಯೋ ತೆಗೆದಿಟ್ಟುಕೊಂಡರೆ ಡಾಕ್ಟರ್‌ಗೆ ನಮ್ಮ ಚೀಟಿಗಿಂತ ಅದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಎರಡು ಪಾಪೆಯ ಕೆಂಪು ಒಂದೇ ಥರ ಇಲ್ಲದಿದ್ದರೂ ಅದೊಂದು ಸುಳಿವು, ತಿರುಗಿದ ಕಣ್ಣು ಸಾಮಾನ್ಯವಾಗಿ ಹೆಚ್ಚು ಹೊಳೆಯುತ್ತದೆ. ಆದರೆ ಎಷ್ಟೋ ಫೋನ್‌ಗಳು ಕೆಂಪುಗಣ್ಣು ಚೆನ್ನಾಗಿ ಕಾಣುವುದಿಲ್ಲ ಅಂತ ಅದನ್ನು ತಾವೇ ಅಳಿಸಿ ಕಪ್ಪು ಮಾಡಿಕೊಡುತ್ತವೆ. ಆ ಸೆಟ್ಟಿಂಗ್ ಆಫ್ ಮಾಡಿ. ಒಂದು ಪಾಪೆ ಬೆಳ್ಳಗೆ ಹೊಳೆಯುತ್ತಿದೆ ಅನ್ನಿಸಿದರೆ ಯಾವ ಮೆಷಿನ್, ಯಾವ ಕ್ಯಾಂಪ್‌ಗೂ ಕಾಯಬೇಡಿ, ತಕ್ಷಣ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ರೆಟಿನೊಬ್ಲಾಸ್ಟೋಮಾ ಅನ್ನುವ ಕಣ್ಣಿನ ಕ್ಯಾನ್ಸರ್‌ನ ಗುರುತು ಅದು ಆಗಿರಬಹುದು. ಮೆಳ್ಳೆಗಣ್ಣು ಕೂಡ ಅದೇ ಕಾಯಿಲೆಯ ಇನ್ನೊಂದು ಗುರುತು, ಅದಕ್ಕೇ "ದೊಡ್ಡವನಾದರೆ ಸರಿಹೋಗುತ್ತೆ" ಅನ್ನುವ ಮಾತು ನನಗೆ ಮೈಯೆಲ್ಲಾ ಉರಿಸುತ್ತದೆ. ಹುಟ್ಟಿದ ಮೊದಲ ಮೂರು ನಾಲ್ಕು ತಿಂಗಳು ಕೂಸಿನ ಕಣ್ಣು ಆಗಾಗ ಅತ್ತಿತ್ತ ಹೋಗುವುದು ಸಹಜ. ಆಮೇಲೂ ತಿರುಗುತ್ತಿದ್ದರೆ ತೋರಿಸಲೇಬೇಕು.

ಮತ್ತೆ ನಮ್ಮ ಕ್ಯಾಮೆರಾಗೆ ಬರೋಣ, ಹಿಡಿಯುವವರಿಗೆ ನಾಲ್ಕು ಮಾತು. ರೂಮಿನ ಬೆಳಕು ಕಡಿಮೆ ಇರಲಿ, ಪಾಪೆ ಚಿಕ್ಕದಾದರೆ ಮೆಷಿನ್ ಕೈ ಎತ್ತಿಬಿಡುತ್ತದೆ. ಕಿಟಕಿಯ ಬಿಸಿಲಲ್ಲೂ ಇನ್‌ಫ್ರಾರೆಡ್ ಇದೆ, ಹಳೆಯ ಬಿಸಿ ಬಲ್ಬ್‌ನಲ್ಲೂ ಇದೆ, ಎರಡೂ ಕಾಟ ಕೊಡುತ್ತವೆ. ಪರದೆ ಸಿಗದ ಕಡೆ ನಾವು ಟೇಬಲ್ ಅನ್ನೇ ಮೂಲೆಗೆ ಎಳೆದು ಮಗುವಿನ ಬೆನ್ನು ಗೋಡೆಗೆ ಬರುವ ಹಾಗೆ ಕೂರಿಸುತ್ತೇವೆ. ದೂರ ಹೆಚ್ಚು ಕಡಿಮೆ ಆದರೆ ಮೆಷಿನ್ನೇ ಹಿಂದೆ ಹೋಗು, ಮುಂದೆ ಬಾ ಅಂತ ತೋರಿಸುತ್ತದೆ, ಆಗ ಕೈಯನ್ನು ಮಾತ್ರ ಚಾಚಬೇಡಿ, ಇಡೀ ಮೈ ಸರಿಸಿ, ಇಲ್ಲದಿದ್ದರೆ ಮೆಷಿನ್ ಓರೆಯಾಗುತ್ತದೆ. ಉದ್ದ ರೆಪ್ಪೆ, ಅರ್ಧ ಇಳಿದ ರೆಪ್ಪೆ ಎರಡೂ ತಲೆನೋವು.

ತಲೆ ಓರೆ ಮಾಡಿ ಕೂರುವ ಮಗುವಿನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಹೊಸಬರು ಗದ್ದ ಹಿಡಿದು ತಲೆ ನೇರ ಮಾಡಿ ಫೋಟೋ ತೆಗೆದು ಮುಂದಿನ ಮಗುವನ್ನು ಕರೆಯುತ್ತಾರೆ. ಆದರೆ ಕೆಲವು ಮಕ್ಕಳು ತಲೆ ಓರೆ ಮಾಡುವುದೇ ಕಣ್ಣು ನೇರ ಇಟ್ಟುಕೊಳ್ಳುವುದಕ್ಕೆ. ಕಣ್ಣನ್ನು ತಿರುಗಿಸುವ ಒಂದು ಸ್ನಾಯು ಸರಿಯಾಗಿ ಕೆಲಸ ಮಾಡದಿದ್ದರೆ, ತಲೆ ಒಂದು ಕಡೆ ವಾಲಿಸಿದಾಗ ಮಾತ್ರ ಎರಡೂ ಕಣ್ಣಿಗೆ ಒಂದೇ ಚಿತ್ರ ಕಾಣುತ್ತದೆ. ಅಂಥ ಮಗುವಿಗೆ ಮೆಷಿನ್ ಏನೇ ಹೇಳಲಿ, ಯಾವ ಕಡೆ ವಾಲಿಸುತ್ತದೆ ಅಂತ ಬರೆದು ಡಾಕ್ಟರ್ ಹತ್ತಿರ ಕಳಿಸಿ. ಮೆಷಿನ್‌ನಲ್ಲಿ ಅದನ್ನು ಬರೆಯಲು ಒಂದು ಖಾಲಿ ಜಾಗವೂ ಇಲ್ಲ ಅನ್ನುವುದು ನನ್ನ ದೊಡ್ಡ ದೂರು.

ಯಾವ ವಯಸ್ಸಿಗೆ ಮಾಡಿಸಬೇಕು ಅಂದರೆ ತಿಳಿದವರಲ್ಲೇ ಒಂದೇ ಮಾತಿಲ್ಲ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ 2016ರಲ್ಲಿ 12 ತಿಂಗಳಿಂದಲೇ ಮೆಷಿನ್ ಬಳಸಬಹುದು ಅಂದಿತು. ಅಲ್ಲಿಯದೇ ತಡೆಗಟ್ಟುವಿಕೆ ಸೇವೆಗಳ ಕಾರ್ಯಪಡೆ 2017ರಲ್ಲಿ 3ರಿಂದ 5 ವರ್ಷದೊಳಗೆ ಒಮ್ಮೆಯಾದರೂ ಸ್ಕ್ರೀನಿಂಗ್ ಆಗಲಿ, ಮೂರರ ಕೆಳಗೆ ಪುರಾವೆ ಸಾಲದು ಅಂದಿತು. ಬೇಗ ಹಿಡಿಯಬೇಕು ಅನ್ನುವುದರಲ್ಲಿ ಮಾತ್ರ ಜಗಳ ಇಲ್ಲ. ಬೆಳೆಯುವ ವಯಸ್ಸಿನಲ್ಲಿ ಒಂದು ಕಣ್ಣಿನಿಂದ ಸರಿಯಾದ ಚಿತ್ರ ಬರದಿದ್ದರೆ ಮೆದುಳು ಅದನ್ನು ಕಡೆಗಣಿಸುತ್ತದೆ. ಹ್ಯೂಬಲ್ ಮತ್ತು ವೀಸಲ್ ಅನ್ನುವ ವಿಜ್ಞಾನಿಗಳು ಬೆಕ್ಕಿನ ಮರಿಗಳಲ್ಲಿ ಇದನ್ನು ತೋರಿಸಿದರು, ನೋಟದ ಬಗೆಗಿನ ಅವರ ಕೆಲಸಕ್ಕೆ 1981ರಲ್ಲಿ ನೊಬೆಲ್ ಬಂತು. ಚಿಕಿತ್ಸೆಗೆ ಹೆದರುವವರಿಗೆ ಒಂದು ಸಮಾಧಾನದ ಸುದ್ದಿ. ಸೋಮಾರಿ ಕಣ್ಣು ಮಧ್ಯಮ ಮಟ್ಟದ್ದಾದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ 2 ಗಂಟೆ ಪ್ಯಾಚ್ ಹಾಕುವುದೂ 6 ಗಂಟೆ ಹಾಕುವುದೂ ಹೆಚ್ಚು ಕಡಿಮೆ ಒಂದೇ ಫಲ ಕೊಟ್ಟಿತು ಅಂತ 2003ರಲ್ಲೇ ಅಮೆರಿಕದ ಒಂದು ಸಂಶೋಧಕರ ಗುಂಪು ತೋರಿಸಿದೆ. ಎಷ್ಟು ಹೊತ್ತು ಅಂತ ಡಾಕ್ಟರ್ ಹೇಳಲಿ, ಆದರೆ ದಿನವಿಡೀ ಪಟ್ಟಿ ಕಟ್ಟಿಕೊಂಡೇ ಇರಬೇಕು ಅಂತ ಹೆದರಿ ಪರೀಕ್ಷೆಯನ್ನೇ ಮುಂದೆ ಹಾಕಬೇಡಿ.

ಸ್ಟಾರ್ ಕೊಡಿ ಅಂದರೆ ಐದಕ್ಕೆ ಮೂರೂವರೆ. ಬರೀ ಮೆಳ್ಳೆಗಣ್ಣು ಹಿಡಿಯಲು ಕೊಳ್ಳುತ್ತಿದ್ದೀರಾದರೆ ಎರಡು, ಆ ದುಡ್ಡಲ್ಲಿ ನಾಲ್ಕು ಜನಕ್ಕೆ ಕವರ್ ಟೆಸ್ಟ್ ಕಲಿಸಿ. ಮೆಷಿನ್ ಜೊತೆಗೆ ಅಂಗೈ ಇಡಲು ಗೊತ್ತಿರುವ ಒಬ್ಬರು ಇದ್ದಾರಾದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ಕಂಪನಿಯವರು ಯಾರಾದರೂ ಓದುತ್ತಿದ್ದರೆ ಒಂದು ಬೇಡಿಕೆ. ಚೀಟಿಯಲ್ಲಿ ಡಿಗ್ರಿ, ಹಸಿರು, ಕೆಂಪು ಇಷ್ಟೇ ಪ್ರಿಂಟ್ ಆಗುತ್ತಿದೆ, ತೆಗೆದ ಫೋಟೋ ಒಳಗೇ ಉಳಿದುಬಿಡುತ್ತದೆ. ಅದನ್ನೂ ಪ್ರಿಂಟ್ ಮಾಡಿ ಕೊಡಿ. ಚೀಟಿ ನೋಡಿದ ಪ್ರತಿ ಡಾಕ್ಟರೂ ಮೊದಲು ಕೇಳುವುದು ಅದನ್ನೇ.